ಸ್ಕೀ ಕಲಿಯಲು ಎಲ್ಲಿಗೆ ಹೋಗಬೇಕು: ಗುಲ್ಮಾರ್ಗ್, ಔಲಿ, ಸೋಲಾಂಗ್, ಇಲ್ಲಾ ಶಿಂಬುಲಾಕ್?

ದೀಪಾವಳಿ ಮುಗಿಯುತ್ತಿದ್ದ ಹಾಗೆ ಈ ಪ್ರಶ್ನೆ ಶುರುವಾಗುತ್ತದೆ. ಜನವರಿಯಲ್ಲಿ ಒಂದು ವಾರ ರಜೆ ಇದೆ, ಸ್ಕೀಯಿಂಗ್ ಕಲಿಯುವ ಆಸೆ, ಗುಲ್ಮಾರ್ಗ್‌ಗೆ ಹೋಗಲಾ, ಔಲಿಗೆ ಹೋಗಲಾ, ಮನಾಲಿ ಹತ್ತಿರದ ಸೋಲಾಂಗ್ ಸಾಕಾ? ಈಚೆಗೆ ನಾಲ್ಕನೆಯದೂ ಸೇರಿಕೊಂಡಿದೆ: ಕಝಾಕಿಸ್ತಾನಕ್ಕೆ ವೀಸಾ ಬೇಡವಂತೆ, ಅಲ್ಲಿನ ಶಿಂಬುಲಾಕ್ ರೆಸಾರ್ಟಿಗೇ ಹೋದರೆ ಹೇಗೆ? ಕೇಳುವವರಲ್ಲಿ ಬಹಳ ಜನ ಹಿಮವನ್ನು ಒಮ್ಮೆಯೂ ಮುಟ್ಟಿದವರಲ್ಲ. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಈಗಾಗಲೇ ಸ್ಕೀ ಬರುವವರಿಗೆ ಗುಲ್ಮಾರ್ಗ್ ಭಾಗದಲ್ಲಿ ಒಂದಿಷ್ಟು ಮಾತಿದೆ.

ಮೊದಲು ಅಳತೆಗೋಲು

ಫೋಟೋ ನೋಡಿ ಜಾಗ ಆರಿಸಬೇಡಿ. ನಾಲ್ಕೂ ಕಡೆ ಫೋಟೋ ಚೆನ್ನಾಗಿಯೇ ಬರುತ್ತದೆ. ಕಲಿಯುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಬೇರೆ: ಅಲ್ಲಿಗೆ ಹೋದರೆ ದಿನಕ್ಕೆ ಎಷ್ಟು ಸಲ ಇಳಿಯುತ್ತೇನೆ?

ಸ್ಕೀ ಬರುವುದು ಇಳಿದೂ ಇಳಿದೂ. ಬೇರೆ ಒಳದಾರಿ ಯಾವುದೂ ಇಲ್ಲ. ಇಳಿಯಬೇಕಾದರೆ ಮೊದಲು ಹತ್ತಬೇಕು, ಅಲ್ವಾ? ಲಿಫ್ಟ್ ಇಲ್ಲದ ಕಡೆ ಕಾಲಿಗೆ ಸ್ಕೀ ಕಟ್ಟಿಕೊಂಡೇ, ಇಳಿಜಾರಿಗೆ ಅಡ್ಡವಾಗಿ ನಿಂತು, ಒಂದೊಂದೇ ಹೆಜ್ಜೆ ಮೇಲಕ್ಕೆ ಇಡುತ್ತಾ ಏರಬೇಕು. ಅರ್ಧ ನಿಮಿಷದ ಇಳಿತಕ್ಕೆ ಹತ್ತು ನಿಮಿಷದ ಏರಿಕೆ. ಅದೂ 2,500 ಮೀಟರ್ ಎತ್ತರದಲ್ಲಿ, ಕಾಲಿಗೆ ಗಟ್ಟಿ ಪ್ಲಾಸ್ಟಿಕ್ ಬೂಟು ಹಾಕಿಕೊಂಡು. ಮಧ್ಯಾಹ್ನದ ಹೊತ್ತಿಗೆ ತೊಡೆ ನಡುಗಲು ಶುರುವಾಗುತ್ತದೆ, ಆಮೇಲೆ ಕಲಿತದ್ದು ತಲೆಗೂ ಹೋಗುವುದಿಲ್ಲ, ಕಾಲಿಗೂ ಬರುವುದಿಲ್ಲ. ಅದೇ ಒಂದು ಸಣ್ಣ ಡ್ರ್ಯಾಗ್ ಲಿಫ್ಟ್ ಓಡುತ್ತಿದ್ದರೆ ಕಥೆಯೇ ಬೇರೆ. ಮೇಲೆ ಸುತ್ತುವ ಕೇಬಲ್‌ನಿಂದ ಒಂದು ಕೋಲು ನೇತಾಡುತ್ತಿರುತ್ತದೆ, ಅದರ ತುದಿಯ ತಟ್ಟೆಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡರೆ ಸಾಕು, ನಿಂತ ಹಾಗೆಯೇ ಎಳೆದುಕೊಂಡು ಹೋಗುತ್ತದೆ. ಕೂರಲು ಹೋಗಬಾರದು, ಕೂತರೆ ಬೀಳುತ್ತೀರಿ. ಒಂದೆರಡು ಸಲ ಎಲ್ಲರೂ ಬೀಳುತ್ತಾರೆ. ಆಮೇಲೆ ಗಂಟೆಗೆ ಎಂಟು ಹತ್ತು ಸಲ ಆರಾಮಾಗಿ ಇಳಿಯಬಹುದು.

ಎರಡನೆಯದು ಹಿಮ. ನಮ್ಮ ಹಿಮಾಲಯಕ್ಕೆ ಚಳಿಗಾಲದ ಹಿಮ ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತ ಹವಾಮಾನ ಇಲಾಖೆ ಹೇಳುವ, ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳ ಅಲೆ. ಅದು ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ. ಹಾಗಾಗಿ ಕಾಶ್ಮೀರಕ್ಕೆ ಮೊದಲ ಪಾಲು, ಹಿಮಾಚಲಕ್ಕೆ ನಂತರದ್ದು, ಉತ್ತರಾಖಂಡಕ್ಕೆ ಉಳಿದದ್ದು. ಪ್ರತಿ ಸಲವೂ ಹೀಗೇ ಅಂತಲ್ಲ, ಆದರೆ ಲೆಕ್ಕ ಹಾಕುವಾಗ ಇದು ತಲೆಯಲ್ಲಿರಲಿ.

ಮೂರನೆಯದು ಕಲಿಸುವವರು. ನಾಲ್ಕನೆಯದು ದಾರಿ: ಹೋಗುವ ದಾರಿಯೂ ಹೌದು, ಮಂಡಿ ತಿರುಚಿದರೆ ಆಸ್ಪತ್ರೆಗೆ ಇಳಿಯುವ ದಾರಿಯೂ ಹೌದು. ದುಡ್ಡನ್ನು ಕೊನೆಗೆ ಇಡುತ್ತೇನೆ. ಭಾರತದಲ್ಲಿ ಖರ್ಚು ಎಷ್ಟಾಗುತ್ತದೆ ಅನ್ನುವುದನ್ನು ಊರಿಗಿಂತ ಜಾಸ್ತಿ ನೀವು ಕಲಿಯುವ ರೀತಿ ತೀರ್ಮಾನಿಸುತ್ತದೆ. ಸರ್ಕಾರಿ ಸಂಸ್ಥೆಯ ಕೋರ್ಸ್ ಸೇರಿದರೆ ಊಟ, ವಸತಿ, ಸಾಮಾನು, ತರಬೇತಿ ಎಲ್ಲ ಒಂದೇ ಶುಲ್ಕದಲ್ಲಿ ಮುಗಿಯುತ್ತದೆ. ಸ್ವಂತವಾಗಿ ಹೋದರೆ ಹೋಟೆಲ್, ದಿನಗೂಲಿ ಗುರು, ಬಾಡಿಗೆ ಸ್ಕೀ, ಲಿಫ್ಟ್ ಟಿಕೆಟ್, ಟ್ಯಾಕ್ಸಿ ಅಂತ ಒಂದೊಂದಕ್ಕೂ ಬೇರೆ ಬೇರೆ ಕೊಡಬೇಕು.

ಗುಲ್ಮಾರ್ಗ್: ಬೆಟ್ಟ ದೊಡ್ಡದು, ಹಿಮ ಧಾರಾಳ

ಬಾರಾಮುಲ್ಲಾ ಜಿಲ್ಲೆ, ಶ್ರೀನಗರದಿಂದ ಸುಮಾರು 50 ಕಿ.ಮೀ. ಊರು ಇರುವುದು ಸುಮಾರು 2,650 ಮೀಟರ್ ಎತ್ತರದ ಒಂದು ಅಗಲವಾದ ಬಟ್ಟಲಿನಂಥ ಹುಲ್ಲುಗಾವಲಿನಲ್ಲಿ. ಚಳಿಗಾಲದಲ್ಲಿ ಇಡೀ ಬಟ್ಟಲು ಬೆಳ್ಳಗಾಗುತ್ತದೆ. ಗೊಂಡೋಲಾ, ಅಂದರೆ ಕೇಬಲ್ಲಿಗೆ ನೇತಾಡುವ ಡಬ್ಬಿಯಲ್ಲಿ ಕೂರಿಸಿ ಬೆಟ್ಟ ಏರಿಸುವ ಲಿಫ್ಟ್, ಎರಡು ಹಂತದ್ದು. ಮೊದಲ ಹಂತ 1998ರಲ್ಲಿ ಶುರುವಾಯಿತು, ಊರಿನಿಂದ ಕೊಂಗ್‌ಡೂರಿಗೆ ಒಯ್ಯುತ್ತದೆ. ಎರಡನೆಯದು 2005ರಲ್ಲಿ ಬಂತು, ಅಲ್ಲಿಂದ ಅಪರ್‌ವಾಟ್ ಬೆಟ್ಟದ ಭುಜಕ್ಕೆ, ಹತ್ತಿರ ಹತ್ತಿರ 4,000 ಮೀಟರ್ ಎತ್ತರಕ್ಕೆ ಏರಿಸುತ್ತದೆ. ಕೊಂಗ್‌ಡೂರಿಯಿಂದ ಮೇರೀಸ್ ಶೋಲ್ಡರ್ ಕಡೆಗೆ ಒಂದು ಚೇರ್‌ಲಿಫ್ಟ್ ಕೂಡ ಇದೆ.

ಇಷ್ಟು ಓದಿದ ತಕ್ಷಣ ಹೊಸಬರಿಗೆ ಆಸೆ ಹುಟ್ಟುವುದು ಎರಡನೇ ಹಂತದ ಮೇಲೆ. ನೋಡಲು ಹೋಗಿ ಬನ್ನಿ, ತೊಂದರೆ ಇಲ್ಲ. ಕಾಲಿಗೆ ಸ್ಕೀ ಕಟ್ಟಿಕೊಂಡು ಮಾತ್ರ ಅಲ್ಲಿಂದ ಇಳಿಯಲು ಹೋಗಬೇಡಿ. ಅಲ್ಲಿರುವುದು ಯಂತ್ರ ಓಡಿಸಿ ಸಮ ಮಾಡಿದ ಹಾದಿಯಲ್ಲ. ಕಡಿದಾದ, ಬಿದ್ದದ್ದು ಬಿದ್ದ ಹಾಗೆಯೇ ಇರುವ ಹಿಮ. ಪ್ರಪಂಚದ ಮೂಲೆ ಮೂಲೆಯಿಂದ ಅನುಭವಿ ಸ್ಕೀಯರ್‌ಗಳು ಗುಲ್ಮಾರ್ಗ್‌ಗೆ ಬರುವುದು ಇದಕ್ಕೇ. ಹಾಗೆ ಬಂದ ಅನುಭವಿಗಳೇ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. 2023ರ ಫೆಬ್ರವರಿಯಲ್ಲಿ ಅಪರ್‌ವಾಟ್ ಕಡೆ ಹಿಮ ಕುಸಿದು ಪೋಲೆಂಡಿನ ಇಬ್ಬರು ಸತ್ತರು, ಮುಂದಿನ ವರ್ಷ ಅದೇ ತಿಂಗಳು ರಷ್ಯಾದ ಒಬ್ಬರು.

ಇದರ ಹಿಂದಿನ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿದಿದ್ದರೆ ನಿಮ್ಮ ದಿನಗಳನ್ನು ಸರಿಯಾಗಿ ಜೋಡಿಸಿಕೊಳ್ಳಬಹುದು. ರಾತ್ರಿ ದೊಡ್ಡ ಹಿಮ ಬಿದ್ದರೆ ಬೆಳಿಗ್ಗೆ ಎರಡನೇ ಹಂತ ತೆರೆಯುವುದಿಲ್ಲ. ಇಳಿಜಾರಿನ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪ್ಯಾಟ್ರೋಲ್‌ನವರು ಮೇಲೆ ಹೋಗಿ, ಹಿಮದ ಪದರ ಎಷ್ಟು ಗಟ್ಟಿ ಅಂತ ನೋಡಿ, ಜಾರುವಂತಿದ್ದರೆ ತಾವೇ ಅದನ್ನು ಜಾರಿಸಿ, ಆಮೇಲೆ ಬಿಡುತ್ತಾರೆ. ಒಮ್ಮೊಮ್ಮೆ ಇದಕ್ಕೆ ಅರ್ಧ ದಿನ, ಒಮ್ಮೊಮ್ಮೆ ಎರಡು ದಿನ. ಗಾಳಿ ಜಾಸ್ತಿಯಾದರೂ ನಿಲ್ಲಿಸುತ್ತಾರೆ. 2017ರ ಜೂನ್‌ನಲ್ಲಿ ಬಿರುಗಾಳಿಗೆ ಮರ ಬುಡಮೇಲಾಗಿ ಗೊಂಡೋಲಾ ಕೇಬಲ್ ಮೇಲೆ ಬಿದ್ದು ಏಳು ಜನ ಸತ್ತಿದ್ದರು. ಆದ್ದರಿಂದ ಲಿಫ್ಟ್ ನಿಂತಾಗ ಟಿಕೆಟ್ ಕಿಟಕಿಯ ಮುಂದೆ ಜಗಳ ಆಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ನಿಲ್ಲಿಸುವುದು ಅವರ ಕೆಲಸದ ಬಹಳ ಮುಖ್ಯವಾದ ಭಾಗ. ಸ್ಕೀ ಪ್ಯಾಟ್ರೋಲ್‌ನವರು ನೋಡಿಕೊಳ್ಳುವುದು ಗೊಂಡೋಲಾ ಸುತ್ತಲಿನ ಜಾಗವನ್ನು ಮಾತ್ರ. ಆ ಜಾಗದ ಗಡಿ ದಾಟಿ ಪಕ್ಕದ ಕಣಿವೆಗೆ ಇಳಿದರೆ ಹಿಮಕುಸಿತದ ಲೆಕ್ಕ ನಿಮ್ಮದೇ. ಚೆನ್ನಾಗಿ ಸ್ಕೀ ಬರುವವರೂ ಅಲ್ಲಿಗೆ ಸ್ಥಳೀಯ ಗೈಡ್, ಹಿಮದಡಿ ಸಿಕ್ಕಿದವರನ್ನು ಹುಡುಕುವ ಬೀಕನ್, ಸಲಿಕೆ, ಹಿಮಕ್ಕೆ ಚುಚ್ಚಿ ನೋಡುವ ಪ್ರೋಬ್ ಕೋಲು ಇಲ್ಲದೆ ಹೋಗಬಾರದು. ಬೀಕನ್ ಕೊರಳಿಗೆ ಹಾಕಿಕೊಂಡರೆ ಸಾಲದು, ಅದನ್ನು ಬಳಸಿ ಹುಡುಕುವುದು ಜೊತೆಗಿರುವ ಎಲ್ಲರಿಗೂ ಗೊತ್ತಿರಬೇಕು.

ಹೊಸಬರ ಗುಲ್ಮಾರ್ಗ್ ಇರುವುದು ಕೆಳಗೆ, ಊರಿನ ಬಟ್ಟಲಿನಲ್ಲಿ. ಅಲ್ಲಿ ಮೆತ್ತನೆ ಇಳಿಜಾರುಗಳಿವೆ, ಡ್ರ್ಯಾಗ್ ಲಿಫ್ಟ್‌ಗಳಿವೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟೆನೀರಿಂಗ್ ಇರುವುದೂ ಇದೇ ಊರಿನಲ್ಲಿ. ಪಹಲ್ಗಾಮ್‌ನ ಜವಾಹರ್ ಇನ್‌ಸ್ಟಿಟ್ಯೂಟ್ ಕೂಡ ಸ್ಕೀ ಕೋರ್ಸ್ ನಡೆಸುತ್ತದೆ. ಇವುಗಳಲ್ಲಿ ಸೀಟು ಸಿಕ್ಕರೆ ಬೇರೆ ಯೋಚನೆ ಬೇಡ. ಬೆಳಿಗ್ಗೆ ಎಬ್ಬಿಸಿ ಓಡಿಸುತ್ತಾರೆ, ವ್ಯಾಯಾಮ ಮಾಡಿಸುತ್ತಾರೆ, ಮೊದಲ ದಿನ ಸ್ಕೀ ಹಾಕಿಕೊಂಡು ಬರೀ ನಡೆಸುತ್ತಾರೆ, ಬೀಳುವುದು ಮತ್ತು ಏಳುವುದು ಹೇಗೆ ಅಂತ ಕಲಿಸುತ್ತಾರೆ. ಬೇಜಾರು ಅನ್ನಿಸಬಹುದು. ಕೋರ್ಸಿನ ಕೊನೆಗೆ ಅದರ ಬೆಲೆ ಗೊತ್ತಾಗುತ್ತದೆ.

ಖಾಸಗಿ ಗುರುಗಳನ್ನು ಹಿಡಿಯುವುದಾದರೆ ಎಚ್ಚರ ಬೇಕು. ಟ್ಯಾಕ್ಸಿ ಇಳಿಯುತ್ತಿದ್ದ ಹಾಗೆ ಸ್ಲೆಡ್ಜ್ ಎಳೆಯುವವರು, ಗೈಡ್‌ಗಳು, ಬೂಟು ಬಾಡಿಗೆಯವರು ಸುತ್ತುವರಿಯುತ್ತಾರೆ. ಅವರ ಇಡೀ ವರ್ಷದ ಸಂಪಾದನೆ ಈ ಎರಡು ಮೂರು ತಿಂಗಳಲ್ಲೇ ಆಗಬೇಕು, ಹಾಗಾಗಿ ಅವಸರ ಸಹಜ. ಆದರೂ ಅಲ್ಲೇ ನಿಂತು ಒಪ್ಪಿಕೊಳ್ಳಬೇಡಿ. ಉಳಿದುಕೊಳ್ಳುವ ಹೋಟೆಲಿನಲ್ಲಿ ಕೇಳಿ, ತರಬೇತಿ ಪಡೆದ ಪ್ರಮಾಣಪತ್ರ ಇದೆಯಾ ನೋಡಿ, ಒಂದೇ ಗುರುವನ್ನು ಮೂರು ನಾಲ್ಕು ದಿನಕ್ಕೆ ಒಟ್ಟಿಗೆ ಮಾತಾಡಿ. ದಿನಕ್ಕೊಬ್ಬ ಗುರು ಬದಲಾದರೆ ದಿನವೂ ಮೊದಲ ಪಾಠವೇ ಆಗುತ್ತದೆ.

ಹಿಮದ ವಿಷಯ. ಡಿಸೆಂಬರ್ 21ರಿಂದ 40 ದಿನದ ಚಿಲ್ಲೈ ಕಲಾನ್ ಕಾಶ್ಮೀರದ ಕಡುಚಳಿಯ ಕಾಲ. ಈ ದಿನಗಳಲ್ಲಿ ಹಿಮ ಗ್ಯಾರಂಟಿ ಅಂತ ಹಿಂದೆ ಕಣ್ಣು ಮುಚ್ಚಿ ಹೇಳಬಹುದಿತ್ತು. ಈಗ ಹಾಗಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಟ್ಟಲು ಕಂದು ಹುಲ್ಲಾಗಿ ಕಾಣುತ್ತಿತ್ತು, ದೊಡ್ಡ ಹಿಮ ಬಿದ್ದದ್ದು ತಿಂಗಳ ಕೊನೆಗೆ. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮ ಸಾಲದೆ ಮಾರ್ಚ್‌ಗೆ ಹೋಯಿತು. ಆದ್ದರಿಂದ ನನ್ನ ಸಲಹೆ ಫೆಬ್ರವರಿ. ಆ ಹೊತ್ತಿಗೆ ಕೆಳಗಿನ ಇಳಿಜಾರಿಗೂ ಸಾಮಾನ್ಯವಾಗಿ ಒಂದು ತಳಪಾಯ ಬಿದ್ದಿರುತ್ತದೆ, ಹೊಸ ವರ್ಷದ ಜನಜಂಗುಳಿಯೂ ಇರುವುದಿಲ್ಲ.

ದಾರಿ: ವಿಮಾನದಲ್ಲಿ ಶ್ರೀನಗರ, ಅಲ್ಲಿಂದ ತಂಗ್‌ಮಾರ್ಗ್‌ವರೆಗೆ ಮಾಮೂಲಿ ಕಾರು. ಹಿಮ ಬಿದ್ದಿದ್ದರೆ ಕೊನೆಯ 13 ಕಿ.ಮೀ.ಗೆ ಚಕ್ರಕ್ಕೆ ಸರಪಳಿ ಹಾಕಿದ ಗಾಡಿ ಬೇಕು. ಹಿಮ ಸುರಿಯುವ ದಿನ ಶ್ರೀನಗರದ ವಿಮಾನಗಳು ರದ್ದಾಗುವುದು ಮಾಮೂಲು. ಈಗ ಒಂದು ಅನುಕೂಲ ಇದೆ, 2025ರ ಜೂನ್‌ನಿಂದ ಕಟ್ರಾ ಮತ್ತು ಶ್ರೀನಗರದ ನಡುವೆ ರೈಲು ಓಡುತ್ತಿದೆ, ಹೆದ್ದಾರಿ ಮುಚ್ಚಿದರೂ ಕೆಳಗಿಳಿಯಲು ಒಂದು ದಾರಿ ಉಳಿದಿರುತ್ತದೆ. ಮೂಳೆ ಮುರಿದರೆ ಶ್ರೀನಗರದ ಬರ್ಜುಲ್ಲಾದಲ್ಲಿ ಮೂಳೆಗೆಂದೇ ಸರ್ಕಾರಿ ಆಸ್ಪತ್ರೆ ಇದೆ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಕಣಿವೆಯಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಮನೆಯವರು ಬೇಡ ಅನ್ನುವುದು ಅರ್ಥವಾಗುವ ಮಾತೇ. ಟಿಕೆಟ್ ಮಾಡುವ ವಾರ ಸರ್ಕಾರದ ಸೂಚನೆ ನೋಡಿ, ಮನೆಯವರ ಜೊತೆ ಕೂತು ತೀರ್ಮಾನ ಮಾಡಿ. ಹೆದರಿಕೆ ಹೊತ್ತುಕೊಂಡು ಹೋದರೆ ಕಲಿಯಲು ಆಗುವುದಿಲ್ಲ.

ಔಲಿ: ಕಲಿಯಲು ಹೇಳಿ ಮಾಡಿಸಿದ ಇಳಿಜಾರು, ಹಿಮದ್ದೇ ಚಿಂತೆ

ಉತ್ತರಾಖಂಡದ ಚಮೋಲಿ ಜಿಲ್ಲೆ, ಜೋಶಿಮಠದ ಮೇಲಿನ ಬೆಟ್ಟ. ಇಳಿಜಾರು ಸುಮಾರು 2,500ರಿಂದ 3,050 ಮೀಟರ್‌ವರೆಗೆ. ಅಳತೆಯಲ್ಲಿ ಗುಲ್ಮಾರ್ಗ್ ಮುಂದೆ ಔಲಿ ಸಣ್ಣದು. ಆದರೆ ಇಳಿಜಾರಿನ ಗುಣ ನೋಡಿದರೆ ಹೊಸಬರಿಗೆ ಈ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಅಗಲವಾದ ಹುಲ್ಲುಗಾವಲು, ಒಂದೇ ಹದದ ಇಳಿತ, ಎದುರಿಗೆ 7,816 ಮೀಟರ್‌ನ ನಂದಾದೇವಿ. ಬಿದ್ದರೆ ಕಲ್ಲಿಗೆ ಬಡಿಯುವ ಭಯ ಕಡಿಮೆ. ಕೆಳಗಿನಿಂದ ಗುರು ನೋಡುತ್ತಿದ್ದರೆ ಮೇಲಿನಿಂದ ಕೆಳಗಿನವರೆಗೆ ನಿಮ್ಮ ಪ್ರತಿ ತಿರುವೂ ಅವರ ಕಣ್ಣಿಗೆ ಬೀಳುತ್ತದೆ. ಕಲಿಯುವವರಿಗೆ ಇದರ ಬೆಲೆ ತುಂಬಾ. ಎಡಕ್ಕೆ ತಿರುಗುವಾಗ ಸರಿ, ಬಲಕ್ಕೆ ತಿರುಗುವಾಗ ಭಾರ ಹಿಂದಕ್ಕೆ ಹೋಗುತ್ತಿದೆ ಅಂತ ನಿಮಗೇ ಗೊತ್ತಾಗುವುದಿಲ್ಲ, ದೂರದಿಂದ ನೋಡುವವರಿಗೆ ಗೊತ್ತಾಗುತ್ತದೆ.

ಗಢ್ವಾಲ್ ಮಂಡಲ ವಿಕಾಸ ನಿಗಮ ಇಲ್ಲಿ 7 ದಿನ ಮತ್ತು 14 ದಿನದ ಕೋರ್ಸ್ ನಡೆಸುತ್ತಾ ಬಂದಿದೆ. ಉಳಿಯಲು ಅವರದೇ ವಸತಿಗೃಹ, ಇಳಿಜಾರಿನ ಪಕ್ಕದಲ್ಲೇ. ಬೆಳಿಗ್ಗೆ ಬಾಗಿಲು ತೆಗೆದು ಬೂಟು ಹಾಕಿಕೊಂಡರೆ ಹಿಮದ ಮೇಲೆ ನಿಂತಿರುತ್ತೀರಿ. ಟ್ಯಾಕ್ಸಿ ಕಾಯುವ ರಗಳೆ ಇಲ್ಲ. ಒಂದು ವಾರ ರಜೆ ಇರುವವರಿಗೆ 7 ದಿನದ ಕೋರ್ಸ್ ಸರಿಯಾಗಿ ಕೂರುತ್ತದೆ. ಇದೇ ಬೆಟ್ಟದಲ್ಲಿ ಐಟಿಬಿಪಿಯ (ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ) ಪರ್ವತಾರೋಹಣ ಮತ್ತು ಸ್ಕೀಯಿಂಗ್ ಸಂಸ್ಥೆಯೂ ಇದೆ. ಊರಿನ ಹುಡುಗ ಹುಡುಗಿಯರಲ್ಲಿ ಚೆನ್ನಾಗಿ ಕಲಿಸುವವರು ಸಿಗಲು ಈ ಹಳೆಯ ಪರಂಪರೆಯೇ ಕಾರಣ ಅಂತ ನನ್ನ ಅನಿಸಿಕೆ.

ಈಗ ಕಷ್ಟದ ಮಾತು: ಹಿಮ. 2011ರ ಜನವರಿಯಲ್ಲಿ ಇಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆಯಿತು. ಕೃತಕ ಹಿಮ ಮಾಡುವ ಯಂತ್ರಗಳು, ಅದಕ್ಕೆ ನೀರು ಕೊಡುವ ಕೆರೆ ಇರುವುದು ನಿಜ. ಯಂತ್ರ ಇದೆಯಲ್ಲಾ, ಹಿಮಕ್ಕೆ ಚಿಂತೆ ಇಲ್ಲ ಅಂತ ಕೆಲವರು ಹೇಳುತ್ತಾರೆ. ಹಾಗೆ ನಂಬಬೇಡಿ. ಈ ಯಂತ್ರ ನೀರನ್ನು ಸಣ್ಣ ಹನಿಗಳಾಗಿ ಗಾಳಿಗೆ ಚಿಮ್ಮಿಸುತ್ತದೆ, ಆ ಹನಿ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಬೇಕು. ಅದಕ್ಕೆ ಚಳಿಯೂ ಬೇಕು, ಗಾಳಿ ಒಣಗಿಯೂ ಇರಬೇಕು. ತೇವವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅಳೆಯುವ ವೆಟ್ ಬಲ್ಬ್ ಉಷ್ಣತೆ ಸುಮಾರು ಮೈನಸ್ 2 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಕೆಲಸ ಆಗುತ್ತದೆ. ಹಿಮ ಬೀಳದ ವರ್ಷ ಸಾಮಾನ್ಯವಾಗಿ ಬೆಚ್ಚಗಿನ ವರ್ಷವೇ ಆಗಿರುತ್ತದೆ, ಅಂದರೆ ಯಂತ್ರ ಬೇಕೇ ಬೇಕು ಅನ್ನುವ ಹೊತ್ತಿನಲ್ಲೇ ಅದನ್ನು ಓಡಿಸುವುದು ಕಷ್ಟ. ಜೊತೆಗೆ ಕರೆಂಟು, ರಿಪೇರಿ, ನುರಿತ ಸಿಬ್ಬಂದಿ ಎಲ್ಲ ಬೇಕು. ಹಿಮ ಸಾಲದೆ ರಾಷ್ಟ್ರಮಟ್ಟದ ಸ್ಪರ್ಧೆಗಳು ಮುಂದಕ್ಕೆ ಹೋದದ್ದು ಔಲಿಗೆ ಹೊಸದಲ್ಲ.

ದಾರಿ ಇನ್ನೊಂದು ಕಷ್ಟ. ದೆಹರಾದೂನ್ ವಿಮಾನ ನಿಲ್ದಾಣದಲ್ಲಿ ಇಳಿದು, ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಬೆಟ್ಟದ ರಸ್ತೆ. ಬೆಳಗಿನ ಜಾವ ಹೊರಟರೂ ಇಡೀ ದಿನ ಅದಕ್ಕೇ. ಗುಡ್ಡ ಜರಿದರೆ ಇನ್ನೂ ತಡ. ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಒಂದು ದಿನ ಅಂತ ಬದಿಗಿಟ್ಟೇ ರಜೆ ಲೆಕ್ಕ ಹಾಕಿ. ಹಳೆಯ ಪ್ರವಾಸ ಬರಹಗಳಲ್ಲಿ ಜೋಶಿಮಠದಿಂದ ಔಲಿಗೆ ಏರುವ ಸುಮಾರು 4 ಕಿ.ಮೀ. ರೋಪ್‌ವೇ ಬಗ್ಗೆ ಬರೆದಿರುತ್ತಾರೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅದು ನಿಂತುಹೋಯಿತು. ಅದನ್ನು ನಂಬಿ ಪ್ಲ್ಯಾನ್ ಮಾಡಬೇಡಿ, ಜೋಶಿಮಠದಿಂದ ಮೇಲಕ್ಕೆ ರಸ್ತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಮೇಲೆ ಸ್ಕೀ ಮಾಡುವವರಿಗೆ ಬೇಕಾದದ್ದು ಔಲಿಯೊಳಗಿನ 800 ಮೀಟರ್ ಚೇರ್‌ಲಿಫ್ಟ್. ಅದು ಬೇರೆ, ರೋಪ್‌ವೇ ಬೇರೆ. ಬುಕ್ ಮಾಡುವ ಮೊದಲು ಫೋನ್ ಮಾಡಿ, ಚೇರ್‌ಲಿಫ್ಟ್ ಓಡುತ್ತಿದೆಯಾ, ಡ್ರ್ಯಾಗ್ ಲಿಫ್ಟ್ ಓಡುತ್ತಿದೆಯಾ ಅಂತ ಎರಡನ್ನೂ ಬಿಡಿಸಿ ಕೇಳಿ. ಎಲ್ಲಾ ಓಡ್ತಿದೆ ಸಾರ್ ಅನ್ನುವ ಉತ್ತರಕ್ಕೆ ಸುಮ್ನೆ ಒಪ್ಪಬೇಡಿ. ಆಸ್ಪತ್ರೆಯ ವಿಷಯದಲ್ಲಿ ಔಲಿ ಈ ನಾಲ್ಕರಲ್ಲಿ ಹಿಂದೆ. ದೊಡ್ಡ ಪೆಟ್ಟಾದರೆ ಋಷಿಕೇಶದ ಏಮ್ಸ್‌ಗೆ ಅದೇ ರಸ್ತೆಯಲ್ಲಿ ಇಳಿಯಬೇಕು. ಮಂಡಿ ನೋವು, ಹಳೆಯ ಸರ್ಜರಿ ಇರುವವರು ಇದನ್ನು ಗಂಭೀರವಾಗಿ ಯೋಚಿಸಿ.

ಸೋಲಾಂಗ್: ಮನೆಮಂದಿಯೆಲ್ಲ ಹೋಗುವುದಾದರೆ

ಮನಾಲಿಯಿಂದ ಸುಮಾರು 13 ಕಿ.ಮೀ. ಸುಮಾರು 2,500 ಮೀಟರ್ ಎತ್ತರ. ಚಂಡೀಗಢದವರೆಗೆ ವಿಮಾನ, ಅಲ್ಲಿಂದ ಬಸ್ಸು. ತಲುಪುವುದು ಸುಲಭ, ಹೋಟೆಲ್ ಎಲ್ಲ ಬೆಲೆಗೂ ಸಿಗುತ್ತದೆ, ಸ್ಕೀ ಮಾಡದವರಿಗೂ ಹೊತ್ತು ಹೋಗುತ್ತದೆ. ತಂದೆ ತಾಯಿ, ಚಿಕ್ಕ ಮಕ್ಕಳು, ಒಬ್ಬರಿಗೆ ಮಾತ್ರ ಸ್ಕೀ ಹುಚ್ಚು ಅನ್ನುವಂಥ ಕುಟುಂಬಕ್ಕೆ ಇದು ಸರಿ.

ಸುಮ್ಮನೆ ಪ್ರವಾಸಿಯಾಗಿ ಹೋದರೆ ಇಲ್ಲಿ ಸ್ಕೀ ಕಲಿಯಲು ಮಾತ್ರ ಆಗುವುದಿಲ್ಲ. ಮನಾಲಿಯಿಂದ ಹೊರಟ ರಸ್ತೆಯ ಬದಿಗೆ ನಂಬರ್ ಹಾಕಿದ ಬಾಡಿಗೆ ಅಂಗಡಿಗಳ ಸಾಲು ಇದೆ, ಡ್ರೈವರ್ ತನಗೆ ಗೊತ್ತಿರುವ ಅಂಗಡಿಯ ಮುಂದೆ ನಿಲ್ಲಿಸುತ್ತಾನೆ, ಕೋಟು, ಗಂಬೂಟು, ಸ್ಕೀ ಎಲ್ಲ ಒಟ್ಟಿಗೆ ತಲೆಗೆ ಕಟ್ಟುತ್ತಾರೆ. ಮೇಲೆ ಹೋದರೆ ಒಂದೇ ಬಯಲಿನಲ್ಲಿ ಸ್ಲೆಡ್ಜ್, ಸ್ನೋ ಸ್ಕೂಟರ್, ಟ್ಯೂಬ್, ಫೋಟೋ ತೆಗೆಸುವವರು, ನಡುವೆ ಸ್ಕೀ. ಗುರು ನಿಮ್ಮ ಸೊಂಟ ಹಿಡಿದು ನಾಲ್ಕು ಸಲ ಜಾರಿಸಿ ಆಯ್ತು ಅನ್ನುತ್ತಾನೆ. ಮೋಜಿಗೆ ಅಡ್ಡಿಯಿಲ್ಲ, ಅದನ್ನು ಕಲಿಕೆ ಅಂತ ಅಂದುಕೊಳ್ಳಬೇಡಿ. ರಜಾ ದಿನಗಳಲ್ಲಿ ಆ 13 ಕಿ.ಮೀ. ರಸ್ತೆಯೇ ಕೆಲವು ಗಂಟೆ ತಿನ್ನುತ್ತದೆ. ಹಿಮ ಜಾಸ್ತಿ ಬಿದ್ದರೆ ಫೋರ್ ಬೈ ಫೋರ್ ಗಾಡಿ ಮಾತ್ರ ಬಿಡುತ್ತಾರೆ.

ನಿಜವಾಗಿ ಕಲಿಯುವ ದಾರಿ ಇಲ್ಲೂ ಇದೆ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯ ಸ್ಕೀ ಕೋರ್ಸ್ ಸುಮಾರು ಎರಡು ವಾರದ್ದು. ಪ್ರಾಥಮಿಕ, ಮಧ್ಯಮ, ಉನ್ನತ ಅಂತ ಮೆಟ್ಟಿಲುಗಳಿವೆ. ಅರ್ಜಿಯ ಜೊತೆ ಡಾಕ್ಟರ್ ಕೊಟ್ಟ ಫಿಟ್‌ನೆಸ್ ಪತ್ರ ಕೇಳುತ್ತಾರೆ, ವಯಸ್ಸಿನ ಮಿತಿ ಇರುತ್ತದೆ. ಶಿಸ್ತು ಕಟ್ಟುನಿಟ್ಟು. ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವ ಮೊದಲು ಎರಡು ವಾರ ಬಿಡುವು ಇರುವ, ಜೇಬಿನಲ್ಲಿ ಜಾಸ್ತಿ ದುಡ್ಡಿಲ್ಲದ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದೇ ಇಂಥ ಕೋರ್ಸ್. ಹಿಮದ ವಿಷಯದಲ್ಲಿ ಸೋಲಾಂಗ್ ಬಯಲು ನಂಬಿಕಸ್ತ ಅಲ್ಲ. ಅಲ್ಲಿ ಹಿಮ ಇಲ್ಲದಾಗ 2020ರ ಅಕ್ಟೋಬರ್‌ನಲ್ಲಿ ತೆರೆದ ಅಟಲ್ ಸುರಂಗ ದಾಟಿ ಲಾಹೌಲ್ ಕಡೆ ಜನ ಹೋಗುತ್ತಾರೆ. ಹಿಮ ನೋಡಲು ಅದು ಸರಿ, ಕಲಿಯಲು ಬೇಕಾದ ಲಿಫ್ಟ್ ಅಲ್ಲಿ ಸಿಗುವುದಿಲ್ಲ.

ಶಿಂಬುಲಾಕ್: ಮಧ್ಯಮ ಗಾತ್ರದ ರೆಸಾರ್ಟ್ ಹೇಗಿರಬೇಕೋ ಹಾಗೆ

ಕಝಾಕಿಸ್ತಾನದ ಅಲ್ಮಾಟಿ ನಗರದಿಂದ ಸುಮಾರು 25 ಕಿ.ಮೀ. ದೆಹಲಿಯಿಂದ ನೇರ ವಿಮಾನ ಇದೆ. 2022ರ ಜುಲೈನಿಂದ ಭಾರತೀಯರಿಗೆ 14 ದಿನದವರೆಗೆ ವೀಸಾ ಇಲ್ಲದೆ ಪ್ರವೇಶ. ನಗರದಿಂದ 12ನೇ ನಂಬರಿನ ಬಸ್ಸು ಮೆದೆಉ ಐಸ್ ಸ್ಕೇಟಿಂಗ್ ಮೈದಾನದವರೆಗೆ ಹೋಗುತ್ತದೆ, ಅಲ್ಲಿಂದ ಗೊಂಡೋಲಾ ಹಿಡಿದರೆ ಸುಮಾರು 2,260 ಮೀಟರ್‌ನಲ್ಲಿರುವ ರೆಸಾರ್ಟ್. ಮೇಲಿನ ಲಿಫ್ಟ್‌ಗಳು ತಲ್ಗರ್ ಕಣಿವೆಮಾರ್ಗದವರೆಗೆ, ಸುಮಾರು 3,200 ಮೀಟರ್‌ಗೆ ಏರಿಸುತ್ತವೆ.

ಯುರೋಪಿನ ದೊಡ್ಡ ರೆಸಾರ್ಟ್‌ಗಳ ಮುಂದೆ ಇದು ಮಧ್ಯಮ ಗಾತ್ರದ್ದು. ಇಂಥ ಕಡೆ ಹೋದಾಗಲೇ ರೆಸಾರ್ಟ್ ನಡೆಸುವುದು ಅಂದರೆ ಏನು ಅಂತ ಕಣ್ಣಿಗೆ ಕಾಣುವುದು. ಸಂಜೆ ಜನ ಇಳಿದ ಮೇಲೆ ಸಮ ಮಾಡುವ ಯಂತ್ರಗಳು ಹೊರಡುತ್ತವೆ. ದಿನವಿಡೀ ಸ್ಕೀಗಳು ಕೆರೆದು ಗುಡ್ಡೆ ಗುಂಡಿಯಾದ ಹಿಮವನ್ನು ಮುಂದಿನ ಹಲಗೆಯಿಂದ ತಳ್ಳಿ, ಹಿಂದಿನ ಉರುಳೆಯಿಂದ ಪುಡಿ ಮಾಡಿ, ಸಾಲು ಸಾಲು ಗೀರು ಬಿಟ್ಟು ಹೋಗುತ್ತವೆ. ರಾತ್ರಿ ಅದು ಗಟ್ಟಿಯಾಗುತ್ತದೆ. ಬೆಳಿಗ್ಗೆ ಮೊದಲ ಲಿಫ್ಟ್‌ನಲ್ಲಿ ಹೋದವರಿಗೆ ಕಾರ್ಡುರಾಯ್ ಬಟ್ಟೆಯಂಥ ಆ ಗೀರಿನ ಹಿಮ ಸಿಗುತ್ತದೆ, ಹೊಸ ಕಾಲಿಗೆ ಅದು ಎಷ್ಟು ಸಹಾಯ ಮಾಡುತ್ತದೆ ಅಂದರೆ, ನಿನ್ನೆ ಮಧ್ಯಾಹ್ನ ಬರದೇ ಇದ್ದ ತಿರುವು ಇವತ್ತು ಬೆಳಿಗ್ಗೆ ತಾನಾಗಿ ಬರುತ್ತದೆ. ಕೃತಕ ಹಿಮದ ಯಂತ್ರಗಳೂ ಇಲ್ಲಿವೆ. ಹಾದಿಗಳಿಗೆ ಕಷ್ಟದ ಮಟ್ಟಕ್ಕೆ ತಕ್ಕ ಬಣ್ಣದ ಗುರುತು ಇರುತ್ತದೆ. ದಿನದ ಒಂದೇ ಪಾಸ್‌ನಲ್ಲಿ ಎಷ್ಟು ಸಲ ಬೇಕಾದರೂ ಲಿಫ್ಟ್ ಹತ್ತಬಹುದು. ನಮ್ಮ ಮೊದಲ ಅಳತೆಗೋಲಿನಲ್ಲಿ, ಅಂದರೆ ದಿನಕ್ಕೆ ಎಷ್ಟು ಸಲ ಇಳಿಯುತ್ತೀರಿ ಅನ್ನುವುದರಲ್ಲಿ, ಉಳಿದ ಮೂರೂ ಇದರ ಹತ್ತಿರ ಬರುವುದಿಲ್ಲ.

ತೊಂದರೆ ಯಾವುದು? ಮೊದಲಿಗೆ ದುಡ್ಡು. ಲಿಫ್ಟ್ ಪಾಸ್, ಬಾಡಿಗೆ, ಗುರುವಿನ ಶುಲ್ಕ ಎಲ್ಲ ಅಲ್ಲಿನ ನಾಣ್ಯ ಟೆಂಗೆಯಲ್ಲಿ, ಎಲ್ಲ ಬೇರೆ ಬೇರೆ. ಸರ್ಕಾರಿ ಕೋರ್ಸಿನ ಲೆಕ್ಕದವರಿಗೆ ಇದು ದೂರದ ಮಾತು. ಗುಲ್ಮಾರ್ಗ್‌ನಲ್ಲಿ ಒಳ್ಳೆಯ ಹೋಟೆಲ್, ಖಾಸಗಿ ಗುರು ಅಂತ ಹೊರಟವರು ಮಾತ್ರ ಎರಡರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅಂತರ ನೀವು ಅಂದುಕೊಂಡಷ್ಟು ಇರಲಿಕ್ಕಿಲ್ಲ. ಎರಡನೆಯದು ಭಾಷೆ. ಅಲ್ಲಿ ನಡೆಯುವುದು ಕಝಕ್ ಮತ್ತು ರಷ್ಯನ್. ಇಂಗ್ಲಿಷ್ ಬರುವ ಗುರುವನ್ನು ಮುಂಚೆಯೇ ಕೇಳಿ ಗೊತ್ತು ಮಾಡಿಕೊಳ್ಳಬೇಕು, ಹೋದ ಮೇಲೆ ಹುಡುಕಿದರೆ ದಿನ ಹಾಳು. ಇನ್ನು ನಮ್ಮ ಹಿಮಾಲಯದಲ್ಲೇ ಕಲಿಯಬೇಕು ಅನ್ನುವ ಆಸೆ ಇರುವವರಿಗೆ ಇದು ರುಚಿಸುವುದಿಲ್ಲ. ಆ ಆಸೆ ನನಗೂ ಅರ್ಥವಾಗುತ್ತದೆ.

ಹಾಗಾದರೆ ಯಾರು ಎಲ್ಲಿಗೆ

ಒಂದೇ ವಾರ ರಜೆ, ಒಬ್ಬರೇ ಅಥವಾ ಗೆಳೆಯರ ಜೊತೆ, ಮೊದಲ ಸಲ, ಬಜೆಟ್ ಹಿಡಿತದಲ್ಲಿರಬೇಕು ಅಂದರೆ ಔಲಿಯ 7 ದಿನದ ಕೋರ್ಸ್. ಆದರೆ ಪ್ರಯಾಣಕ್ಕೆ ಎರಡು ದಿನ ಹೆಚ್ಚಿಗೆ ಸಿಗಬೇಕು, ಹೊರಡುವ ಮುಂಚಿನ ವಾರ ಅಲ್ಲಿ ಹಿಮ ಇದೆ ಅಂತ ಖಾತ್ರಿಯಾಗಬೇಕು. ಇವೆರಡರಲ್ಲಿ ಒಂದು ಕೈಕೊಟ್ಟರೂ ಗುಲ್ಮಾರ್ಗ್‌ನ ಕೆಳಗಿನ ಇಳಿಜಾರು. ಎರಡು ವಾರ ಬಿಡುವು ಇರುವವರು ಗುಲ್ಮಾರ್ಗ್ ಅಥವಾ ಮನಾಲಿ ಸಂಸ್ಥೆಯ ಕೋರ್ಸ್, ಯಾವುದರಲ್ಲಿ ಸೀಟು ಸಿಕ್ಕರೆ ಅದು. ಇವೆರಡರ ನಡುವೆ ಆಯ್ಕೆ ಇದ್ದರೆ ಹಿಮ ನೋಡಿ ಗುಲ್ಮಾರ್ಗ್ ಅನ್ನುತ್ತೇನೆ.

ದುಡ್ಡಿಗೆ ತೊಂದರೆ ಇಲ್ಲ, ದಿನ ಕಡಿಮೆ, ಇದ್ದ ನಾಲ್ಕೈದು ದಿನದಲ್ಲೇ ತಿರುವು ತೆಗೆದುಕೊಂಡು ಇಳಿಯುವಷ್ಟು ಬರಬೇಕು ಅನ್ನುವವರು ಶಿಂಬುಲಾಕ್‌ಗೆ ಹೋಗಿ. ಹಿಂದೆ ಒಂದು ಕೋರ್ಸ್ ಮುಗಿಸಿ ಸಮ ಮಾಡಿದ ಹಾದಿಯಲ್ಲಿ ಧೈರ್ಯವಾಗಿ ಇಳಿಯುವವರಿಗೂ ಮುಂದಿನ ಮೆಟ್ಟಿಲು ಅದೇ. ಅಪರ್‌ವಾಟ್ ಅದಕ್ಕೂ ಮುಂದಿನದು. ಹತ್ತು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಸೋಲಾಂಗ್ ಸುಲಭ. ಮಗುವಿಗೆ ನಿಜವಾಗಿ ಕಲಿಸುವ ಆಸೆ ಇದ್ದರೆ ಮಾತ್ರ ಗುಲ್ಮಾರ್ಗ್ ಬಟ್ಟಲಿನಲ್ಲಿ ಒಬ್ಬರೇ ಗುರುವಿನ ಕೈಗೆ ಒಪ್ಪಿಸಿ, ದಿನಕ್ಕೆ ಎರಡು ಗಂಟೆ ಸಾಕು, ಉಳಿದ ಹೊತ್ತು ಹಿಮದಲ್ಲಿ ಆಡಲಿ.

ಎಲ್ಲಿಗೆ ಹೋದರೂ ಬೂಟು

ಇದನ್ನು ಬಿಟ್ಟರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಬಾಡಿಗೆ ಬೂಟು ಹಾಕಿಕೊಂಡು ನೆಟ್ಟಗೆ ನಿಂತರೆ ಬೆರಳ ತುದಿ ಮುಂದಕ್ಕೆ ಸ್ವಲ್ಪ ತಾಗಬೇಕು. ಮಂಡಿ ಮಡಿಸಿ ಮುಂದಕ್ಕೆ ಬಾಗಿದಾಗ ಬೆರಳು ಬಿಡಿಸಿಕೊಳ್ಳಬೇಕು, ಹಿಮ್ಮಡಿ ಮೇಲೆದ್ದು ಬರಬಾರದು. ಸಡಿಲ ಇದ್ದರೆ ಆರಾಮ ಅನ್ನಿಸುತ್ತದೆ, ಆದರೆ ನೀವು ಕಾಲು ತಿರುಗಿಸಿದಾಗ ಬೂಟು ತಿರುಗುವುದಿಲ್ಲ. ಚಳಿ ಅಂತ ಎರಡು ಜೊತೆ ಕಾಲುಚೀಲ ಹಾಕಬೇಡಿ, ಮಡಿಕೆ ಬಿದ್ದು ಕಾಲು ಉಜ್ಜುತ್ತದೆ, ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ. ಮಂಡಿವರೆಗಿನ ಒಂದೇ ಜೊತೆ ಸಾಕು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಅನ್ನು ನಿಮ್ಮ ತೂಕ, ಎತ್ತರ, ಬೂಟಿನ ಅಡಿಯ ಉದ್ದ, ಕಲಿಕೆಯ ಮಟ್ಟ ಕೇಳಿ ಹೊಂದಿಸಬೇಕು. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಂಡರೆ ಮಂಡಿ ಉಳಿಯುತ್ತದೆ, ಬಿಗಿ ಜಾಸ್ತಿಯಾದರೆ ಕಳಚುವುದಿಲ್ಲ. ಅಂಗಡಿಯವನು ತೂಕ ಕೇಳದೆ ಸ್ಕೀ ಕೈಗೆ ಕೊಟ್ಟರೆ ಪಕ್ಕದ ಅಂಗಡಿಗೆ ಹೋಗಿ. ಹೆಲ್ಮೆಟ್ ಕೇಳಿ ತೆಗೆದುಕೊಳ್ಳಿ. ಮಾಮೂಲಿ ಪ್ರಯಾಣ ವಿಮೆ ಸ್ಕೀಯಿಂಗ್ ಪೆಟ್ಟಿಗೆ ಬಹಳ ಸಲ ದುಡ್ಡು ಕೊಡುವುದಿಲ್ಲ, ಚಳಿಗಾಲದ ಕ್ರೀಡೆ ಅಂತ ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿದೆಯಾ ನೋಡಿ.

ಸಂಸ್ಥೆಗಳ ಕೋರ್ಸ್ ಪಟ್ಟಿ ಚಳಿಗಾಲಕ್ಕೆ ಎಷ್ಟೋ ಮುಂಚೆ ಅವರವರ ವೆಬ್‌ಸೈಟಿನಲ್ಲಿ ಬರುತ್ತದೆ, ಫೆಬ್ರವರಿ ಬ್ಯಾಚ್ ಬೇಗ ತುಂಬುತ್ತದೆ. ಅರ್ಜಿ ಹಾಕುವಾಗ ಒಂದು ವಿಷಯ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ: ಹಿಮ ಬೀಳದೆ ಬ್ಯಾಚ್ ರದ್ದಾದರೆ ಶುಲ್ಕ ವಾಪಸ್ಸಾ, ಮುಂದಿನ ಬ್ಯಾಚಿಗೆ ಹಾಕುತ್ತಾರಾ? ಆ ಉತ್ತರ ಬರುವವರೆಗೆ ವಿಮಾನದ ಟಿಕೆಟ್ ತೆಗೆಯಬೇಡಿ. ತೆಗೆಯುವಾಗ ದಿನಾಂಕ ಬದಲಿಸಲು ಬರುವಂಥದ್ದನ್ನೇ ತೆಗೆಯಿರಿ, ನಾಲ್ಕು ಕಾಸು ಜಾಸ್ತಿಯಾದರೂ ಪರವಾಗಿಲ್ಲ.